ಕಾಕಾನ ಮಾನಿಟರು, ಮಾಮಾನ ಮಾನಿಟರು

...ಇಲ್ಲ, ಕಾರ್ಡುಗಳು ಎರಡೇ ಇರಬೇಕು. ಮೂರು ಎಂದು ಎಷ್ಟೋ ಜನರ ಮುಂದೆ ಹೇಳಿದ್ದೇನೆ. ಹೇಳಿ ಹೇಳಿ ಮೂರನೆಯದರ ಬಣ್ಣ ಕೂಡ ನೆನಪಿಗೆ ಬರತೊಡಗಿದೆ. ಆದರೆ ಮಾನಿಟರುಗಳು ಎರಡೇ ಇದ್ದ ಮೇಲೆ ಮೂರನೆಯ ಕಾರ್ಡಿಗೆ ಅಲ್ಲಿ ಏನು ಕೆಲಸ? ನನ್ನ ನೆನಪು ಹೀಗೆಯೇ. ಒಂದು ಸಂಗತಿಯನ್ನು ನಾಲ್ಕು ಸಲ ಹೇಳಿದರೆ ಐದನೆಯ ಸಲಕ್ಕೆ ಅದು ಹೊಸ ಅಂಗಿ ಹೊಲಿಸಿಕೊಂಡು ಬರುತ್ತದೆ. ಆದ್ದರಿಂದ ಓದುವವರು ಎರಡು ಡಿಸ್‌ಪ್ಲೇ ಕಾರ್ಡು, ಎರಡು ಮಾನಿಟರು, ಇಬ್ಬರು ಹಿರಿಯರು, ಒಬ್ಬಳು ತಂಗಿ, ಇಷ್ಟನ್ನು ಮಾತ್ರ ಗಟ್ಟಿ ಎಂದು ತಿಳಿಯಬೇಕು. ಎಲ್ಲಾದರೂ ನಾನು ಜಾಣನಂತೆ ಕಂಡರೆ ಆ ಸಾಲನ್ನು ಬಿಟ್ಟು ಮುಂದೆ ಹೋಗುವುದು ಒಳ್ಳೆಯದು.

ತೊಂಬತ್ತರ ದಶಕದ ಕೊನೆಯಲ್ಲಿ ಸೊಲ್ಲಾಪುರದಲ್ಲಿ ನನ್ನದೊಂದು ಡಿ.ಟಿ.ಪಿ. ಅಂಗಡಿ ಇತ್ತು. ಮದುವೆಯ ಪತ್ರಿಕೆಗಳೇ ಹೆಚ್ಚಿನ ಕೆಲಸ. ನಮ್ಮ ಕಡೆಯ ಪತ್ರಿಕೆಗೆ ಎರಡು ಮಗ್ಗಲು. ಮಡಿಸಿದ ಕಾಗದದ ಒಂದು ಎಲೆಯ ಮೇಲೆ ಮರಾಠಿ, ಇನ್ನೊಂದರ ಮೇಲೆ ಕನ್ನಡ. ಸೊಲ್ಲಾಪುರದ ನೆಂಟರು ಒಂದನ್ನು ಓದುತ್ತಾರೆ, ಗಡಿ ಹಳ್ಳಿಗಳಾದ ವಾಗದರಿ, ನಾಗಣಸೂರದ ನೆಂಟರು ಇನ್ನೊಂದನ್ನು. ಎರಡನ್ನೂ ಓದುವ ಏಕೈಕ ಪ್ರಾಣಿ ಅದನ್ನು ಟೈಪು ಮಾಡುವವನು ಎಂದು ನಾನು ನಂಬಿದ್ದೆ. ಪತ್ರಿಕೆಯಲ್ಲಿ ಅತ್ಯಂತ ಅಪಾಯದ ಜಾಗವೆಂದರೆ ಆಮಂತ್ರಿಸುವವರ ಪಟ್ಟಿ. ಒಬ್ಬ ದೇವರ ಹೆಸರು ಇನ್ನೊಬ್ಬ ದೇವರ ಕೆಳಗೆ ಬಂದರೆ ದೇವರು ಸುಮ್ಮನಿರುತ್ತಾನೆ, ಕಾಕಾಗಳು ಇರುವುದಿಲ್ಲ. ಒಮ್ಮೆ ಒಂದು ಮನೆಯವರು ಬೇಸತ್ತು ಎಲ್ಲ ಹೆಸರುಗಳನ್ನೂ ಚಕ್ರದಂತೆ ದುಂಡಗೆ ಜೋಡಿಸಲು ಹೇಳಿದ್ದರು, ಯಾರೂ ಮೇಲಲ್ಲ ಯಾರೂ ಕೆಳಗಲ್ಲ ಎಂದು. ಚಕ್ರ ಎಲ್ಲಿಂದ ಶುರುವಾಗುತ್ತದೆ ಎಂಬುದರ ಮೇಲೆ ಮೂರು ದಿನ ಜಗಳ ನಡೆಯಿತು. ಆಗ ನಾನು ನಕ್ಕಿದ್ದೆ.

ಆಮೇಲೆ ನನ್ನ ತಂಗಿ ಶೈಲಾಳ ಮದುವೆ ಗೊತ್ತಾಯಿತು. ಅಪ್ಪ ತೀರಿಕೊಂಡು ವರ್ಷಗಳಾಗಿದ್ದವು. ಅಪ್ಪನ ಜಾಗದಲ್ಲಿ ಕುಳಿತು ಕನ್ಯಾದಾನ ಮಾಡಬೇಕಾದವನು ಕಾಕಾ, ಸೊಲ್ಲಾಪುರದ ಒಂದು ಗಿರಣಿಯಲ್ಲಿ ಕಾರಕೂನನಾಗಿ ನಿವೃತ್ತನಾದವನು. ಹುಡುಗಿಯನ್ನು ಮಂಟಪಕ್ಕೆ ಕರೆತಂದು ಅವಳ ಹಿಂದೆ ನಿಲ್ಲಬೇಕಾದವನು ಅವ್ವನ ಅಣ್ಣ, ಅಕ್ಕಲಕೋಟೆಯಲ್ಲಿ ಅರಿವೆ ಅಂಗಡಿ ಇದ್ದ ಮಾಮಾ. ಪತ್ರಿಕೆಯಲ್ಲಿ ತನ್ನ ಹೆಸರು ಎರಡನೆಯದಾದರೆ ತಾನು ಧಾರೆಗೆ ಕೂಡುವುದಿಲ್ಲ ಎಂದು ಕಾಕಾ ಹೇಳಿ ಕಳಿಸಿದ. ಹಾಗಾದರೆ ಹುಡುಗಿಯನ್ನು ಮಂಟಪಕ್ಕೆ ಯಾರಾದರೂ ಕರೆತರಲಿ ಎಂದು ಮಾಮಾ ತಿರುಗಿ ಹೇಳಿ ಕಳಿಸಿದ. ಇದು ಹೇಗೋ ಗಂಡಿನವರ ಕಿವಿಗೆ ಬಿತ್ತು. ನಿಮ್ಮ ಮನೆಯ ಮಾನಪಾನದ ಜಗಳ ಮುಗಿಯದಿದ್ದರೆ ತಿಥಿ ಮುಂದೆ ಹಾಕೋಣ, ಸೋಮವಾರದ ಒಳಗೆ ಪತ್ರಿಕೆ ಕೈಗೆ ಬರಲಿ ಎಂದರು. ಮುಂದೆ ಹಾಕಿದ ತಿಥಿ ಮತ್ತೆ ಬರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಆ ಹುಡುಗ ಶೈಲಾಳ ಮನಸ್ಸಿಗೆ ಬಂದವನು. ಅವಳು ಎರಡು ದಿನ ಯಾರೊಡನೆಯೂ ಮಾತಾಡದೆ ಮನೆಯ ಹಿತ್ತಾಳೆ ಪಾತ್ರೆಗಳನ್ನೆಲ್ಲ ತಿಕ್ಕಿದಳು. ಅವು ಹಾಗೆ ಹೊಳೆದದ್ದನ್ನು ನಾನು ಮತ್ತೆ ನೋಡಿಲ್ಲ.

ಆಗ ಹೊಸದಾಗಿ ಬಂದಿದ್ದ ವಿಂಡೋಸ್ ತೊಂಬತ್ತೆಂಟರಲ್ಲಿ, ಒಂದೇ ಕಂಪ್ಯೂಟರಿಗೆ, ಪರದೆಗೆ ಚಿತ್ರ ಕಳಿಸುವ ಎರಡು ಡಿಸ್‌ಪ್ಲೇ ಕಾರ್ಡು ಹಾಕಿ ಎರಡು ಮಾನಿಟರು ನಡೆಸಬಹುದು ಎಂದು ಎಲ್ಲೋ ಓದಿದ್ದೆ. ಯಾಕೆ ನಡೆಸಬೇಕು ಎಂದು ಆ ಬರಹದಲ್ಲಿ ಇರಲಿಲ್ಲ. ನನಗೆ ಕಾರಣ ಸಿಕ್ಕಿತು. ಮರಾಠಿ ಎಲೆಯಲ್ಲಿ ಕಾಕಾನ ಹೆಸರು ಮೇಲೆ, ಕನ್ನಡ ಎಲೆಯಲ್ಲಿ ಮಾಮಾನ ಹೆಸರು ಮೇಲೆ. ಎಡಗಡೆ ಮಾನಿಟರಿನಲ್ಲಿ ಮರಾಠಿ, ಅದರ ಮುಂದೆ ಕಾಕಾ. ಬಲಗಡೆ ಕನ್ನಡ, ಅದರ ಮುಂದೆ ಮಾಮಾ. ಇಬ್ಬರೂ ತಮ್ಮ ತಮ್ಮ ಎಲೆ ನೋಡಿ, ನಮ್ಮ ಪದ್ಧತಿಯಂತೆ ಕರಡಿನ ಮೇಲೆ ಸಹಿ ಹಾಕಿದರೆ ಮುಗಿಯಿತು. ಶೈಲಾಳಿಗೆ ಹೇಳಿದೆ. ಎರಡು ದಿನದ ಮೇಲೆ ಅವಳು ಬಾಯಿಬಿಟ್ಟದ್ದು ಆಗಲೇ. "ಅಣ್ಣಾ, ಇಬ್ಬರ ಮುಂದೂ ಖರೇ ಹೇಳಿ ಕೈ ಮುಗಿ. ನನ್ನ ಲಗ್ನಾ ಹಿಂಗ ಕಳ್ಳತನಲೆ ಮಾಡಬ್ಯಾಡ." ಮುಗಿಯುವ ಕೈ ನನಗೆ ಇರಲಿಲ್ಲ, ಸ್ಕ್ರೂ ಬಿಚ್ಚುವ ಕೈ ಇತ್ತು.

ಕಾರ್ಡುಗಳೂ ನಮ್ಮ ಹಿರಿಯರ ಜಾತಿಯವೇ. ಒಂದು ಹೊಸದು, ಇನ್ನೊಂದು ಹಳೆಯ ಯಂತ್ರದಿಂದ ಕಿತ್ತದ್ದು. ಹೊಸದು ಮುಖ್ಯವಾಗಲಿ ಎಂದು ನಾನು. ಆದರೆ ಕಂಪ್ಯೂಟರು ಶುರುವಾದಾಗಲೆಲ್ಲ ಹಳೆಯದೇ ಮೊದಲು ಎದ್ದು ಯಜಮಾನಿಕೆ ಮಾಡುತ್ತಿತ್ತು. ಎರಡು ದಿನ ಬಡಿದಾಡಿದೆ. ಕೊನೆಗೆ ಯಜಮಾನಿಕೆಯನ್ನು ಹಳೆಯದಕ್ಕೇ ಬಿಟ್ಟು ಅದನ್ನು ಕಾಕಾನ ಕಡೆ ಹಾಕಿದೆ. ಇನ್ನೊಂದು ಪರದೆಯ ಮೇಲೆ ಮೊದಲು ಇಂಗ್ಲಿಷಿನಲ್ಲಿ ಒಂದು ಸಾಲು ಬರುತ್ತಿತ್ತು: ಈ ಸಾಲನ್ನು ನೀವು ಓದಲು ಸಾಧ್ಯವಾದರೆ ಈ ಕಾರ್ಡು ಸರಿಯಾಗಿದೆ. ಆಮೇಲೆ ಕನ್ನಡ ಪುಟವನ್ನು ಮೌಸ್ ಎಂಬ ಇಲಿಯಿಂದ ಎಳೆದು ಆ ಕಡೆ ದಾಟಿಸಬೇಕು. ಭಾನುವಾರ ಬೆಳಿಗ್ಗೆ ಎಲ್ಲ ಸರಿಯಾಗಿತ್ತು.

ಭಾನುವಾರ ಮಧ್ಯಾಹ್ನ ಇಬ್ಬರೂ ಬಂದರು. ಕಾಕಾ ಎರಡು ಮಾನಿಟರುಗಳನ್ನು ನೋಡಿ, "ಏ ಸುಧ್ಯಾ, ಒಂದು ಪತ್ರಿಕಿಗೆ ಎರಡು ಡಬ್ಬಿ ಯಾಕಲೇ?" ಎಂದ. ಹಿರಿಯರ ಕಣ್ಣಿಗೆ ತ್ರಾಸ ಆಗಬಾರದು ಎಂದು ಎಂದೆ. ಮಾಮಾ, ತನ್ನ ಅಳಿಯ ಭಾರಿ ಕಾಳಜಿಯವನು ಎಂದ. ಆ ಧ್ವನಿಯಲ್ಲಿ ಏನಾದರೂ ಇತ್ತೇ ಎಂದು ಇಂದಿಗೂ ಯೋಚಿಸುತ್ತೇನೆ. ಪುಟ ತೆರೆಯಬೇಕು, ಅಷ್ಟರಲ್ಲಿ ಕರೆಂಟು ಹೋಯಿತು. ಬಂದಾಗ ಬಲಗಡೆಯದು ಕತ್ತಲೆ. ಹಳೆಯ ಕಾರ್ಡು ಸಡಿಲವಾಗಿತ್ತೋ ಹೊಸದೋ, ನೆನಪು ಇಲ್ಲಿ ಎರಡು ಥರ ಹೇಳುತ್ತದೆ. ಯಂತ್ರ ಆರಿಸಿ, ಎರಡು ಮಾನಿಟರುಗಳ ವೈರುಗಳನ್ನೂ ಕಿತ್ತು, ಹೊದಿಕೆ ತೆಗೆದು ಕಾರ್ಡುಗಳನ್ನು ಒತ್ತಿ ಕೂರಿಸಿದೆ. ಶೈಲಾ ಚಹಾ ಇಟ್ಟು ಅಲ್ಲೇ ನಿಂತಿದ್ದಳು. ವೈರುಗಳು ಮತ್ತೆ ಜೋಡಣೆಯಾದವು. ಬೆವರು ಒರೆಸಿಕೊಂಡು ಪುಟಗಳನ್ನು ತೆರೆದೆ, ಕನ್ನಡವನ್ನು ಎಳೆದು ದಾಟಿಸಿದೆ, ತಲೆ ಎತ್ತಿದೆ.

ಕನ್ನಡ ಕಾಕಾನ ಮುಂದೆ ನಿಂತಿತ್ತು. ಮರಾಠಿ ಮಾಮಾನ ಮುಂದೆ. ವೈರುಗಳು ಅದಲುಬದಲಾಗಿದ್ದವು. ಕಾಕಾನ ಕಣ್ಣೆದುರು ಮಾಮಾನ ಹೆಸರು ಮೇಲೆ, ಮಾಮಾನ ಕಣ್ಣೆದುರು ಕಾಕಾನ ಹೆಸರು ಮೇಲೆ. ನನ್ನ ಕೈ ಇಲಿಯ ಮೇಲಿತ್ತು, ಆದರೆ ಬಾಣದ ಗುರುತು ಎಡಕ್ಕೆ ತಳ್ಳಿದರೆ ಬಲದ ಪರದೆಯಲ್ಲಿ ಓಡುತ್ತಿತ್ತು. ಇಬ್ಬರೂ ಮುಂದಕ್ಕೆ ಬಾಗಿದರು. ಬಾಗಿಯೇ ಇದ್ದರು. ಮೇಲೆ ಫ್ಯಾನು ತಿರುಗುತ್ತಿತ್ತು. ಫ್ಯಾನನ್ನು ನಾನು ಈಗ ಸೇರಿಸಿದ್ದಿರಬಹುದು. ಅವರಿಗೆ ಪರಸ್ಪರರ ಲಿಪಿ ಬಾರದಿರಲಿ ಎಂದು ಅಕ್ಕಲಕೋಟೆಯ ಸ್ವಾಮಿಗಳ ಮಠದ ದಿಕ್ಕಿಗೆ ಮನಸ್ಸಿನಲ್ಲೇ ಕೈ ಮುಗಿದೆ. ನನಗಿಲ್ಲದ ಆ ಮುಗಿಯುವ ಕೈ ಆಗ ಬಂತು.

ಮೊದಲು ಮಾಮಾ ಪರದೆಯ ಕೆಳಗಿನ ಮೂಲೆಗೆ ಬೆರಳಿಟ್ಟ. "ಇಲ್ಲೆ ಜಾಗಾ ಉಳದದ ನೋಡು. ನಾಗಣಸೂರ ಅತ್ತೀದು ಹೆಸರು ಹಾಕು, ಇಲ್ಲಂದ್ರ ಸಿಟ್ಟಾಗ್ತಾಳ."

ಕಾಕಾ ಇನ್ನೂ ನೋಡುತ್ತಲೇ ಇದ್ದ. ಆಮೇಲೆ ಕುರ್ಚಿಗೆ ಒರಗಿ, "ಅಕ್ಷರ ದಪ್ಪ ಅವ, ಚಲೋ ಅವ. ಬೀಗರ, ನಿಮಗ ಪಸಂತ ಏನ್ರಿ?" ಎಂದ.

"ನಿಮಗ ಪಸಂತ ಅಂದ್ರ ನಮಗೂ ಪಸಂತ್ರಿ," ಎಂದ ಮಾಮಾ.

ಇಬ್ಬರೂ ಸಹಿ ಹಾಕಿದರು. ಚಹಾ ಆರಿತ್ತು, ಅದನ್ನೇ ಕುಡಿದರು. ಸೋಮವಾರ ಪತ್ರಿಕೆ ಗಂಡಿನವರ ಮನೆ ಸೇರಿತು. ಕಾಕಾ ಧಾರೆಗೆ ಕುಳಿತ, ಮಾಮಾ ಶೈಲಾಳ ಹಿಂದೆ ನಿಂತ. ಊಟದ ಪಂಕ್ತಿ ಕಾಯುವಾಗ ನಾನು ಕಂಡದ್ದಿಷ್ಟು: ವಾಗದರಿಯ ಮುದುಕಿಯೊಬ್ಬಳಿಗೆ ಕಾಕಾ ಪತ್ರಿಕೆಯ ಕನ್ನಡ ಎಲೆಯನ್ನು ಮೊದಲಿನಿಂದ ಕೊನೆಯವರೆಗೆ, ಎಲ್ಲೂ ತಡವರಿಸದೆ ಓದಿ ಹೇಳುತ್ತಿದ್ದ. ಮಾಮಾನ ಅಂಗಡಿಗೆ ದಿನಾ ಮರಾಠಿ ಸುದ್ದಿ ಪೇಪರು ಬರುತ್ತಿತ್ತು ಎಂಬುದೂ ನನಗೆ ಆಗಲೇ ಹೊಳೆದದ್ದು. ಅವನ ಕೈಯಲ್ಲಿ ನೂರು ಸಲ ಅದನ್ನು ನೋಡಿದ್ದೆ. ಗಾಳಿ ಹಾಕಿಕೊಳ್ಳಲು ಹಿಡಿದಿದ್ದಾನೆ ಎಂದುಕೊಂಡಿದ್ದೆನೇನೋ. ವರ್ಷಗಳ ಮೇಲೆ ಧೈರ್ಯ ಮಾಡಿ ಮಾಮಾನನ್ನು ಕೇಳಿದಾಗ, ಆ ದಿನ ತಾನು ಚಸ್ಮಾನೇ ತಂದಿರಲಿಲ್ಲ ಎಂದ. ಚಸ್ಮಾ ಇಲ್ಲದೆ ಖಾಲಿ ಜಾಗ ಹೇಗೆ ಕಂಡಿತು ಎಂದು ಕೇಳಲು ಇನ್ನೊಂದು ಧೈರ್ಯ ಬೇಕಿತ್ತು.

ವೈರುಗಳನ್ನು ಗಡಿಬಿಡಿಯಲ್ಲಿ ನಾನೇ ತಪ್ಪಾಗಿ ಹಾಕಿದೆ ಎಂದು ನನ್ನ ನೆನಪು. ತಾನು ಹಾಕಿದ್ದು ಎಂದು ಶೈಲಾಳ ನೆನಪು. ತಿಳಿದು ಹಾಕಿದೆಯಾ, ತಿಳಿಯದೆಯಾ ಎಂದರೆ ಮಾತು ಬದಲಿಸುತ್ತಾಳೆ. ಹಿರಿಯರು ಓದಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಆ ಮದುವೆ ನನ್ನಿಂದ ಆಯಿತೋ, ನಾನಿದ್ದರೂ ಆಯಿತೋ, ಅದೂ ಗೊತ್ತಿಲ್ಲ.