ಕೇಳಿ ಒಯ್ದ ಸಸಿ

ಸೇವಂತಿಗೆ ಅರಳಿದ್ದೇ ಎಲ್ಲಕ್ಕೂ ಮೂಲವಾಯಿತು.

ಹೆಂಡತಿ ತೀರಿಕೊಂಡು, ಅರಳೆ ಪೇಟೆಯ ತೂಕದ ಕೆಲಸವನ್ನೂ ಬಿಟ್ಟ ಮೇಲೆ ನೀಲಕಂಠಪ್ಪನಿಗೆ ಮಾತಾಡಲು ಗೋಡೆಗಳಷ್ಟೇ ಉಳಿದಿದ್ದವು. ಹೂವು, ಸೊಪ್ಪು ಕೇಳುವ ನೆಪದಲ್ಲಾದರೂ ಓಣಿಯವರು ಬಂದು ಕೂತಾರೆಂದು ಹಿತ್ತಲಲ್ಲಿ ಸೇವಂತಿಗೆ, ಮೆಂತ್ಯ, ರಾಜಗಿರಿ, ಲೋಳಸರ ಬೆಳೆಸಿದ. ಬಂದವರಿಗೆ ಬಾಗಿಲು ಹಾಕಿರಬಾರದೆಂದು ಹೊಸ್ತಿಲು ದಾಟದೆ ಕಾದ. ಒಬ್ಬರೂ ಬರಲಿಲ್ಲ.

ಸೇವಂತಿಗೆ ಅರಳಿದ ದಿನ ಬೆಳಿಗ್ಗೆ ಪಕ್ಕದ ಮನೆಯ ದಾನವ್ವ ಗೋಡೆಯ ಮೇಲಿಂದ ಹಣಿಕಿದಳು.

"ಬಾರವ್ವ, ಯಾವ ಸಸಿ ಬೇಕು? ಕಿತ್ತು ಕೊಡ್ತೇನಿ. ಕುಂತು ಚಾ ಕುಡಿ," ಎಂದ ನೀಲಕಂಠಪ್ಪ.

ದಾನವ್ವ ಬೆಚ್ಚಿಬಿದ್ದಳು. "ಅಯ್ಯ ಕಾಕಾ, ಕೇಳಿ ಒಯ್ದ ಸಸಿ ಎಲ್ಲ್ಯಾರ ಹತ್ತತಾವೇನ್ರಿ? ಕದ್ದು ಒಯ್ದ್ರನ ಛಲೋ ಹಬ್ಬೋದು. ಓಣಿ ಮಂದಿ ಎಲ್ಲಾ ಕಾಯಾಕತ್ತಾರ. ನೀವು ಮನಿ ಬಿಟ್ಟು ಅಲ್ಲಾಡೂದ ಇಲ್ಲ! ಒಂದೀಟು ಹೊರಗ ಹೋಗಿ ಬರ್ರಿ."

ಇನ್ನೊಬ್ಬನಾಗಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದ. ನೀಲಕಂಠಪ್ಪ ರುಮಾಲು ಸುತ್ತಿಕೊಂಡು, ಬಾಗಿಲು ತೆರೆದಿಟ್ಟೇ ಹೊರಟ.

ಓಣಿಯ ತಿರುವಿನಲ್ಲೇ ದರ್ಜಿ ಶರೀಫಸಾಬ ಕೈಹಿಡಿದು ಎಳೆದ. "ಬರ್ರಿ ಕಾಕಾ, ಕುಂದರ್ರಿ!" ಚಹಾ ಬಂತು, ಗ್ರಾಮೋಫೋನು ಹಾಡಿತು. ಏಳಹೋದರೆ, "ಇಷ್ಟು ಲಗೂ ಎಲ್ಲಿಗ್ರಿ?" ಎಂದು ಹೊಲಿಸಲು ಹೇಳದ ಅಂಗಿಗೆ ಅಳತೆ ತೆಗೆದ. ಅಲ್ಲಿಂದ ಪಾರಾದರೆ ಕಿರಾಣಿ ಮುರುಗೆಪ್ಪ ಗಾದಿಯ ಮೇಲೆ ಕೂರಿಸಿ, "ಕಾಕೂನ ಕೈಯಾಗಿನ ಝುಣಕ ಭಾಳ ರುಚಿ ಇತ್ತಂತಲ್ರಿ?" ಎಂದು ಕೇಳಿದ. ಹೆಂಡತಿಯ ಮಾತನ್ನು ಯಾರೂ ಎತ್ತದೆ ಎಷ್ಟು ಕಾಲವಾಗಿತ್ತು! ನೀಲಕಂಠಪ್ಪ ಕಣ್ಣೊರೆಸಿಕೊಂಡು ಸಂಜೆಯವರೆಗೂ ಹೇಳಿದ. ಇವತ್ತು ಯಾರ ಮುಖ ನೋಡಿ ಎದ್ದೆನೋ ಎಂದು ಹಿಗ್ಗಿದ.

ಮನೆಗೆ ಬಂದರೆ ಹಿತ್ತಲು ಬೋಳಿಸಿದ ತಲೆಯಂತಾಗಿತ್ತು. ಮೆಂತ್ಯದ ಎಲೆಯೊಂದೂ ಉಳಿದಿರಲಿಲ್ಲ. ದರ್ಜಿ, ಕಿರಾಣಿಯವರ ಉಪಚಾರವೆಲ್ಲ ತನ್ನನ್ನು ಹೊರಗೇ ಇರಿಸಲಿಕ್ಕೆ ಎಂಬುದು ಆಗ ತಲೆಗೆ ಹೊಕ್ಕಿತು. ಅಡುಗೆಮನೆಯಲ್ಲಿ ತೊಳೆದು ಬೋರಲು ಹಾಕಿದ ಕಪ್ಪುಗಳ ಸಾಲೇ ಇತ್ತು.

ದಾನವ್ವ ಗೋಡೆಯಾಚೆಯಿಂದ ಕೂಗಿದಳು: "ಕಾಕಾ, ದರ್ಜಿಯವರ ಚಾಂದಬಿ, ಕಿರಾಣಿಯವರ ಬಾಳವ್ವ, ಎಲ್ಲಾರೂ ಬಂದಿದ್ವಿರಿ! ನಿಮ್ಮ ಒಲಿ ಮ್ಯಾಲ ಚಾ ಕಾಸಿ, ನಿಮ್ಮ ಕಟ್ಟಿ ಮ್ಯಾಲ ಕುಂತು ಹೊತ್ತು ಮುಳುಗೂತನಕಾ ಮಾತಾಡಿದ್ವಿ. 'ಪಾಪ, ಕಾಕಾ ಒಬ್ಬರ ಇರ್ತಾರ' ಅಂತ ನಿಮ್ಮ ಸುದ್ದೀನ ಸುದ್ದಿ."

ನೀಲಕಂಠಪ್ಪ ಗೋಡೆಯ ಹತ್ತಿರ ಬಂದ. "ಮತ್ತ ಯಾವಾಗ ಬರ್ತೀರವ್ವ?"

"ಬೀಜ ಹಾಕ್ರಿ, ಚಿಗಿತ ಕೂಡ್ಲೆ ಬರ್ತೇವಿ. ಆದ್ರ ಕಾಕಾ, ಆವತ್ತೂ ನೀವು ಮನ್ಯಾಗ ಇರಬಾರ್ದು ನೋಡ್ರಿ!"