ಬಾಯಿಬಿಡದ ಹೊಸ್ತಿಲು

ಹೊಂಗನೂರಿನ ನಮ್ಮ ಮನೆಯ ಮುಂಬಾಗಿಲಲ್ಲಿ ಮೂರು ತಲೆಮಾರಿನಿಂದ ಕದಲದೆ ಪವಡಿಸಿರುವ ಮಾನ್ಯ ಹೊಸ್ತಿಲಿನವರೇ,

ದಿನಾ ಬೆಳಿಗ್ಗೆ ತಮಗೆ ಅರಿಶಿನ ಬಳಿದು, ಕುಂಕುಮವಿಟ್ಟು, ತಮ್ಮನ್ನು ತುಳಿಯದಂತೆ ಕಾಲೆತ್ತಿ ದಾಟಿ ಬಿಡದಿಯ ಕಾರ್ಖಾನೆ ಬಸ್ಸಿಗೆ ಓಡುವ ಈ ಮನೆಯ ಸೊಸೆ ನಯನಾ ಮಾಡುವ ಸಾಷ್ಟಾಂಗ ನಮಸ್ಕಾರಗಳು. ತಮ್ಮ ಕ್ಷೇಮ ವಿಚಾರಿಸುವ ಅಗತ್ಯವಿಲ್ಲ. ಹಲಸಿನ ಮರದ ತಮಗೆ ಗೆದ್ದಲೂ ಹೆದರುತ್ತದೆ.

ನನ್ನ ಮಗಳು ಇಂಚರಾ ಮೊದಲ ಸಲ ಮಗುಚಿಕೊಂಡಾಗ ನಾನು ಹೆರಿಗೆ ರಜೆಯಲ್ಲಿದ್ದೆ, ಕಣ್ಣಾರೆ ಕಂಡೆ. ಆಸರೆಯಿಲ್ಲದೆ ಕೂತದ್ದು ಹಬ್ಬದ ದಿನ, ಅದನ್ನೂ ಕಂಡೆ. ಅಂಬೆಗಾಲಿಡತೊಡಗಿದ ಮೇಲೆ ಉಳಿದದ್ದು ಒಂದೇ ಆಸೆ: ಅವಳು ಮೊದಲ ಸಲ ತಮ್ಮನ್ನು ದಾಟುವಾಗ ಆಚೆ ಜಗಲಿಯಲ್ಲಿ ಕೈಚಾಚಿ ನಾನು ಕೂತಿರಬೇಕು. ಮಗು ಹೊಸ್ತಿಲು ದಾಟಿದ ದಿನ ಹೋಳಿಗೆ ಮಾಡಿ ನೆರೆಹೊರೆಗೆ ಹಂಚುವ ಮನೆ ನಮ್ಮದೆಂಬುದು ತಮಗೆ ತಿಳಿಯದ ಸಂಗತಿಯಲ್ಲ. ಆದಕಾರಣ ತಾವು ಸೋಮವಾರದಿಂದ ಶನಿವಾರದವರೆಗೆ ಮೊಳದೆತ್ತರ ಬೆಳೆದು ನಿಂತು, ಭಾನುವಾರ ಮಾತ್ರ ನೆಲಕ್ಕೆ ಸಮನಾಗಿ ಮಲಗಬೇಕೆಂದು ದಿನವೂ ಬೇಡಿಕೊಂಡಿದ್ದೆ.

ಶುಕ್ರವಾರ ಸಂಜೆ ಕೆಲಸದಿಂದ ಬಂದು ಮಗಳ ಕಾಲು ತೊಳೆಯಲು ಕೂತರೆ ಎರಡು ಮಂಡಿಯೂ ಹಳದಿ! ಒಂದರ ಮೇಲೆ ಕುಂಕುಮ ಬೇರೆ. ಬೆಳಿಗ್ಗೆ ನಾನೇ ತಮಗೆ ಬಳಿದದ್ದು! ಅತ್ತೆ ಮುನಿರತ್ನಮ್ಮನವರನ್ನು ಕೇಳಿದರೆ, ಸೆರಗು ಸರಿಮಾಡಿಕೊಳ್ಳುತ್ತ, "ಗಾಳೀಗ್ ಬಂದು ಮೆತ್ಕೊಂಡೈತೇನೋ ಕಣವ್ವ, ಅವಳಿನ್ನೂ ದಾಟಿಲ್ಲ" ಎಂದರು. ಗಂಡ ಮಧುಕುಮಾರ್ ಗೋಡೆಯ ಹಲ್ಲಿಯನ್ನು ಅಷ್ಟೊಂದು ಭಕ್ತಿಯಿಂದ ನೋಡಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ತಾವೋ, ಮೈಮೇಲೇ ನಡೆದದ್ದನ್ನು ನುಂಗಿಕೊಂಡು ಗಪ್‌ಚುಪ್ ಬಿದ್ದಿದ್ದಿರಿ. ಆಹಾ, ಎಂಥ ನಿಷ್ಠೆ! ನನಗೆ ಹೊಟ್ಟೆ ಉರಿದುಹೋಯಿತು, ಅಳುವೂ ಬಂತು. ಆದರೆ ನನ್ನ ಮನಸ್ಸು ನೋಯಬಾರದೆಂದು ಸುಳ್ಳು ಹೇಳುವವರ ಮುಂದೆ ಅಳುವುದಾದರೂ ಹೇಗೆ? ನಾನೂ ನಂಬಿದಂತೆ ತಲೆಯಾಡಿಸಿದೆ.

ಭಾನುವಾರ ನಾಟಕ ಶುರುವಾಯಿತು. ಅತ್ತೆ ಜಗಲಿಯ ತುದಿಯಲ್ಲಿ ಕೂತು ಹೂರಣದ ಉಂಡೆ ಕಟ್ಟುತ್ತ, "ಇವತ್ತು ದಾಟೇ ದಾಟ್ತಾಳೆ, ನೋಡ್ತಿರು" ಎಂದು ಭವಿಷ್ಯ ನುಡಿದರು. ನಾನು ಜಗಲಿಯಲ್ಲಿ ಚನ್ನಪಟ್ಟಣದ ಗಿಲಕಿ ಹಿಡಿದು, ಏನೂ ಅರಿಯದ ಮಳ್ಳಿಯಂತೆ ಕೂತೆ. ಸರಸರನೆ ಅಂಬೆಗಾಲಲ್ಲಿ ಬಂದ ಇಂಚರಾ ತಮ್ಮ ಮುಂದೆ ತಡೆದಳು. ಬಾಗಿಲ ಚೌಕಟ್ಟು ಹಿಡಿದು ಎದ್ದಳು. ಕಾಲೆತ್ತಿ ತಮ್ಮನ್ನು ದಾಟಿದವಳೇ ಹಿಡಿದ ಕೈಬಿಟ್ಟು, ತೂರಾಡುತ್ತ ನಾಕಾರು ಹೆಜ್ಜೆ ನಡೆದು ನನ್ನ ಎದೆಯ ಮೇಲೆ ಬಿದ್ದಳು. ಅತ್ತೆಯ ಕೈಲಿದ್ದ ಹೂರಣದ ಉಂಡೆ ಉರುಳಿ ಅಂಗಳ ಸೇರಿತು.

"ಅಯ್ಯೋ, ನಡುದ್ಬುಟ್ಲು ಕಣೋ ಮಧು! ಇದ್ನ ನಾನೂ ನೋಡಿರ್ಲಿಲ್ಲ!"

ಇಂತಿ, ನಾಳೆ ಬೆಳಿಗ್ಗೆ ಮತ್ತೆ ತಮ್ಮ ಸೇವೆಗೆ ಬಗ್ಗಲಿರುವ
ತಮ್ಮ ವಿಶ್ವಾಸಿ,
ನಯನಾ

ತಾ.ಕ.: ಎದುರು ಮನೆಯ ಕರೀಮುನ್ನೀಸಾ ಅವರಿಗೆ ಹೋಳಿಗೆ ಕೊಡಲು ಹೋದರೆ, "ಶುಕ್ರವಾರದ್ದೇ ಒಸಿ ಚೆಂದಾಗಿತ್ತು ಕಣಮ್ಮ" ಎಂದರು. ಊರಿಗೆಲ್ಲ ಹಂಚಿ, ಹೆತ್ತವಳಿಗೆ ಮಾತ್ರ ಒಂದು ಚೂರೂ ಇಲ್ಲ! ಇನ್ನು ಮುಂದೆ ತಾವು ಬಾಯಿಬಿಡದಿದ್ದರೂ ಚಿಂತೆಯಿಲ್ಲ, ನನ್ನ ಪಾಲಿನ ಹೋಳಿಗೆಯನ್ನು ಎತ್ತಿಡತಕ್ಕದ್ದು. ತಪ್ಪಿದಲ್ಲಿ ಅರಿಶಿನ ಬಂದ್.