ಕದಿಯದ ಕಳ್ಳನ ಮೇಲೊಂದು ಚಾರ್ಜ್‌ಶೀಟ್

ಆಟಕ್ಕೆ ನಿಯಮ ಬರೆದವನು ನಾನೇ. ಆದರೆ ಬರೆದ ಹಾಗೆ ಒಂದು ಭಾನುವಾರವೂ ಆಟ ನಡೆದಿಲ್ಲ. ಪ್ರತಿ ಸಲವೂ ಯಾರಾದರೊಬ್ಬರು ತಮ್ಮ ಕೆಲಸದ ಬುದ್ಧಿಯನ್ನು ಮೇಜಿಗೆ ತಂದು ಹಾಕುತ್ತಾರೆ, ನಾನು ನೋಟ್‌ಬುಕ್ಕಿನಲ್ಲಿ ಇನ್ನೊಂದು ಸಾಲು ಹೊಡೆದುಹಾಕುತ್ತೇನೆ. ಆ ನೋಟ್‌ಬುಕ್ ಈಗಲೂ ಇದೆ. ಬೇಜಾರಾದಾಗ ತೆಗೆದು ಓದುತ್ತೇನೆ, ಅದೂ ಹೊಡೆದುಹಾಕಿದ ಸಾಲುಗಳನ್ನೇ.

ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಬಿಡಿಭಾಗಗಳ ಅಳತೆ ನೋಡುವವನು. ಮನೆ ಚಿಕ್ಕಬಾಣಾವರ. ಅಪ್ಪ ಸರ್ಕಾರಿ ಕಾರ್ಖಾನೆಯಲ್ಲಿ ಯೂನಿಯನ್ ಮುಖಂಡರಾಗಿದ್ದವರು. ರಿಟೈರ್ ಆದ ಮೇಲೂ ಬೆಳಿಗ್ಗೆ ಆರೂ ಮುಕ್ಕಾಲಿಗೆ ಶೇವ್ ಮಾಡಿಕೊಂಡು ಗೇಟಿನ ಹತ್ತಿರ ನಿಲ್ಲುತ್ತಿದ್ದರು. ಕಂಪನಿ ಬಸ್ಸು ಬರುವ ಹೊತ್ತದು. ಬಸ್ಸು ಬರುತ್ತಿರಲಿಲ್ಲ. ಒಳಗೆ ಬಂದವರು ಇಡೀ ದಿನ ಬಾಯಿ ಬಿಡುತ್ತಿರಲಿಲ್ಲ. ಅದನ್ನು ನೋಡಲಾಗದೆ ನಾನು ಈ ಆಟ ಶುರುಮಾಡಿದ್ದು.

ಇದು ಕಂಪ್ಯೂಟರಿನ ಆಟವಲ್ಲ. ಮೇಜು, ಕಾಗದ, ದಾಳ ಇದ್ದರೆ ಸಾಕು. ಒಬ್ಬ ಕಥೆ ನಡೆಸುತ್ತಾನೆ, ಅದು ನಾನು. ಉಳಿದವರು ಯೋಧ, ಮಂತ್ರವಾದಿ, ಕಳ್ಳ ಹೀಗೆ ಒಂದೊಂದು ವರ್ಗ ಆರಿಸಿಕೊಂಡು ಕಥೆಯೊಳಗೆ ಓಡಾಡುತ್ತಾರೆ. ಯಾವ ವರ್ಗದವರು ಏನೇನು ಮಾಡಬಹುದು ಎನ್ನುವುದಕ್ಕೆ ನಿಯಮಗಳಿವೆ. ಅಪ್ಪ ಯೋಧ. ಪಕ್ಕದ ಮನೆಯ ಹುಡುಗಿ, ವೈಟ್‌ಫೀಲ್ಡಿನ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಟೆಸ್ಟರ್, ಮಂತ್ರವಾದಿ. ನಮ್ಮ ಮಹಡಿ ರೂಮಿನಲ್ಲಿ ಬಾಡಿಗೆಗಿದ್ದ ಟೈಲ್ಸ್ ಮೇಸ್ತ್ರಿ ಗದಗದ ಕಡೆಯವರು. ಕೊನೆಗೆ ಬಂದದ್ದರಿಂದ ಅವರಿಗೆ ಉಳಿದಿದ್ದು ಸಿಕ್ಕಿತು: ಕಳ್ಳ.

೧. ನಿದ್ದೆ

ಮಂತ್ರ ಖರ್ಚಾದರೆ ನಿದ್ದೆ ಮಾಡಿ ಎದ್ದ ಮೇಲೆ ಮತ್ತೆ ಬರುತ್ತದೆ ಎಂದು ಬರೆದಿದ್ದೆ. ಮೊದಲ ಭಾನುವಾರವೇ ಆರು ರಾಕ್ಷಸರು ಸುತ್ತುವರಿದಿರುವಾಗ ನಮ್ಮ ಟೆಸ್ಟರ್ "ನಾನು ಮಲಗಿದೆ" ಅಂದಳು. ಎದ್ದಳು, ಒಬ್ಬನನ್ನು ಸುಟ್ಟಳು, ಮತ್ತೆ "ಮಲಗಿದೆ."

"ಹೀಗೆ ಎಷ್ಟು ಸಲ ಮಲಗ್ತೀಯಮ್ಮ?"

"ಎಷ್ಟು ಸಲ ಅಂತ ನೀವು ಬರ್ದಿಲ್ಲ ಅಣ್ಣ. ಬಗ್ ನಿಮ್ದು, ತಪ್ಪು ನನ್ದಲ್ಲ."

ಅಲ್ಲಿಯವರೆಗೆ ಸುಮ್ಮನಿದ್ದ ಅಪ್ಪ ಕೆಮ್ಮಿದರು. "ಮೂವತ್ತು ವರ್ಷ ಶಿಫ್ಟ್ ಮಾಡ್ದೋನು ನಾನು. ಕೆಲಸದ ಮಧ್ಯೆ ನಿದ್ದೆ ಒಂದೇ ಸಲ. ಅದೂ ಊಟ ಆದ್ಮೇಲೆ. ಬರ್ಕೊಳೋ."

ರಿಟೈರ್ ಆದ ಮೇಲೆ ಅವರು ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. ಖುಷಿಯಿಂದ ಬರೆದುಕೊಂಡೆ. ಅಂದಿನಿಂದ ಕಾಡಿನಲ್ಲಿ ರಾಕ್ಷಸರು ಎದುರಾದರೆ ನಮ್ಮ ಮಂತ್ರವಾದಿ ಮೊದಲು ಊಟದ ಡಬ್ಬಿ ಬಿಚ್ಚುತ್ತಾಳೆ.

೨. ಟೊಳ್ಳು

ಕಳ್ಳನ ವರ್ಗದವರು ಬೀಗ ಮುರಿಯಬೇಕು, ಜೇಬು ಕತ್ತರಿಸಬೇಕು. ಮೇಸ್ತ್ರಿ ಕೈಕಟ್ಟಿ ಕೂತರು.

"ಆಗಂಗಿಲ್ರಿ ಸರ. ಆಟದಾಗಾದ್ರೂ ಕಳವು ಕಳವ ಅಲ್ರೀ? ನಮ್ಮ ಮನ್ಯಾಕಿಗೆ ಫೋನ್‌ನ್ಯಾಗ ಏನಂತ ಹೇಳ್ಲಿ?"

ಕದಿಯುವುದನ್ನು ಕಡ್ಡಾಯ ಮಾಡಿದ್ದ ಸಾಲನ್ನು ಹೊಡೆದುಹಾಕಿ, ನೆಲದಡಿಯ ಗುಪ್ತ ದಾರಿ ಹುಡುಕುವ ಶಕ್ತಿ ಕೊಟ್ಟೆ. ದಾಳ ಹಾಕಿ ಅಂದರೆ ಅದೂ ಇಲ್ಲ. "ಬಡ್ದು ನೋಡಿದ್ರ ಗೊತ್ತಾಗ್ತೈತಿ, ಅದಕ್ಯಾಕ ದಾಳ?" ಎನ್ನುತ್ತಾ ಎದ್ದು ನಮ್ಮ ನಡುಮನೆಯ ನೆಲವನ್ನೇ ಕುಟ್ಟಿ ತೋರಿಸತೊಡಗಿದರು. ಕುಟ್ಟುತ್ತಾ ಕುಟ್ಟುತ್ತಾ ಅಪ್ಪನ ಕುರ್ಚಿಯ ಬಳಿ ನಿಂತರು.

"ಸಾಹೇಬ್ರ, ಏಳ್ರಿ. ಇಲ್ಲಿ ಟೊಳ್ಳು ಐತಿ."

ಕಥೆಯಲ್ಲಿ ಆ ಗುಪ್ತ ದಾರಿಯ ಕೊನೆಗೆ ರಾಜಕುಮಾರಿ ಸೆರೆಮನೆಯಲ್ಲಿದ್ದಳು. ಮೇಸ್ತ್ರಿ ಮಹಡಿಯಿಂದ ಕರಣೆ ತಂದು, ಟೈಲ್ಸ್ ಎಬ್ಬಿಸಿ, ಸಿಮೆಂಟು ಹಾಕಿ ಕೂರಿಸಿದರು. ನಮ್ಮ ನಡುಮನೆಯ ಸಿಮೆಂಟು ಒಣಗುವವರೆಗೂ, ಅಂದರೆ ಮುಂದಿನ ವಾರದವರೆಗೂ, ರಾಜಕುಮಾರಿ ಸೆರೆಮನೆಯಲ್ಲೇ ಇದ್ದಳು.

೩. ನೋಟಿಸು

ನಿಧಿ ಕಾಯುವ ಘಟಸರ್ಪದ ಗವಿಗೆ ಅಪ್ಪನ ಯೋಧ ಎಲ್ಲರಿಗಿಂತ ಮೊದಲು ನುಗ್ಗಿದ. ದಾಳ ಕೆಟ್ಟದಾಗಿ ಬಿತ್ತು. ಸರ್ಪ ಬೆಂಕಿ ಉಗುಳಿತು. "ಯೋಧ ಸತ್ತ," ಅಂದೆ.

ಅಪ್ಪ ಕನ್ನಡಕ ಹಾಕಿಕೊಂಡರು. "ನೋಟಿಸ್ ಎಲ್ಲಿ?"

"ಯಾವ ನೋಟಿಸಪ್ಪಾ?"

"ಒಬ್ಬನನ್ನ ತೆಗೀಬೇಕಾದ್ರೆ ಮೊದ್ಲು ಚಾರ್ಜ್‌ಶೀಟು. ಉತ್ತರ ಕೊಡೋಕೆ ಟೈಮು. ಆಮೇಲೆ ವಿಚಾರಣೆ. ಸುಮ್‌ಸುಮ್ನೆ ಬೆಂಕಿ ಉಗುಳೋ ಹಾಗಿಲ್ಲ ಕಣೋ."

"ಅದು ಹಾವು ಅಪ್ಪಾ."

"ಯಾರಾದ್ರೇನು?"

ಉಳಿದಿಬ್ಬರೂ ಅಪ್ಪನ ಪಕ್ಷ ಸೇರಿದರು. ಹೊಸ ನಿಯಮ ಬಂತು: ಯಾವ ವರ್ಗದವರೇ ಆಗಲಿ, ವಿಚಾರಣೆ ಮುಗಿಯದೆ ಸಾಯುವಂತಿಲ್ಲ. ವಿಚಾರಣಾಧಿಕಾರಿ ಅಪ್ಪನೇ. ತಮ್ಮ ಯೋಧನನ್ನು ತಾವೇ ವಿಚಾರಿಸಿ, ತಾವೇ ಖುಲಾಸೆ ಮಾಡಿದರು. ಘಟಸರ್ಪಕ್ಕೆ ಎಚ್ಚರಿಕೆ ಪತ್ರ ಹೋಯಿತು.

೪. ಸಾಕ್ಷಿ

ಗುಂಪು ಇನ್ನೂ ಆ ಗವಿಯ ಮುಂದೆಯೇ ಇರುವಾಗ ಮೇಸ್ತ್ರಿಗೆ ಬೇಗೂರಿನಲ್ಲಿ ದೊಡ್ಡ ಅಪಾರ್ಟ್‌ಮೆಂಟಿನ ಕೆಲಸ ಸಿಕ್ಕಿತು. ಬೆಂಗಳೂರಿನ ಆ ತುದಿ. ರೂಮು ಖಾಲಿ ಮಾಡುತ್ತಾ ಹೇಳಿದರು, "ಇನ್ನ ಬರೂದು ಆಗಂಗಿಲ್ರಿ ಸರ. ನನ್ನ ಕಳ್ಳನ್ನ ಯಾವ್ದರ ಬಾವಿಗೆ ನೂಕಿ ಮುಗಿಸಿಬಿಡ್ರಿ."

ಇಬ್ಬರನ್ನು ಇಟ್ಟುಕೊಂಡು ಆಟ ನಡೆಯದು. ಮಾರನೇ ಬೆಳಿಗ್ಗೆ ಆರೂ ಮುಕ್ಕಾಲಿಗೆ ಅಪ್ಪ ಮತ್ತೆ ಗೇಟಿನ ಹತ್ತಿರ ನಿಂತಿದ್ದರು.

ಸಂಜೆ ಕೆಲಸದಿಂದ ಬಂದಾಗ ಮೇಜಿನ ಮೇಲೆ ಅಪ್ಪನ ಕೈಬರಹದ ಚಾರ್ಜ್‌ಶೀಟ್ ಇತ್ತು. ಕಳ್ಳನ ಮೇಲೆ, ಪೂರ್ವಾನುಮತಿಯಿಲ್ಲದೆ ಗುಂಪು ತೊರೆಯಲು ಯತ್ನಿಸಿದ ಆರೋಪ. ತಿಂಗಳ ಕೊನೆಯ ಭಾನುವಾರ ಹತ್ತು ಗಂಟೆಗೆ ಖುದ್ದು ಹಾಜರಾಗತಕ್ಕದ್ದು. ಫೋಟೋ ತೆಗೆದು ಮೇಸ್ತ್ರಿಗೆ ಕಳಿಸಿದೆ.

ಮೂರು ಬಸ್ಸು ಬದಲಾಯಿಸಿ ಬಂದರು, ಪುಣ್ಯಾತ್ಮ. ಅಪ್ಪ ಗಂಭೀರವಾಗಿ, "ಮುಖ್ಯ ಸಾಕ್ಷಿ ಘಟಸರ್ಪ ಗೈರುಹಾಜರು. ಮುಂದಿನ ತಿಂಗಳಿಗೆ ಮುಂದೂಡಿದೆ," ಅಂದರು. ಹೇಗೂ ಬಂದಾಗಿತ್ತಲ್ಲ, ಉಪ್ಪಿಟ್ಟು ತಿಂದು ಆಟ ಆಡಿದೆವು. ಮುಂದಿನ ತಿಂಗಳೂ ಸರ್ಪ ಬರಲಿಲ್ಲ. ಅದರ ಮುಂದಿನ ತಿಂಗಳೂ ಇಲ್ಲ. ಹೀಗೆ ಎರಡು ವರ್ಷ. ಆ ಭಾನುವಾರಗಳಂದು ಅಪ್ಪ ಗೇಟಿನ ಹತ್ತಿರ ನಿಂತರೆ ನಿಜಕ್ಕೂ ಒಬ್ಬರು ಬರುತ್ತಿದ್ದರು.

ಕಳೆದ ತಿಂಗಳು ನಮ್ಮ ಟೆಸ್ಟರ್ ಬಾಯಿ ಸುಮ್ಮನಿರಲಿಲ್ಲ. "ಅಂಕಲ್, ಒಂದು ಬಗ್ ಇದೆ. ಘಟಸರ್ಪದ ಪಾತ್ರ ಮಾಡೋದು ಅಣ್ಣನೇ ಅಲ್ವಾ? ಅವ್ರು ಪ್ರತಿ ಸಲನೂ ಇಲ್ಲೇ ಕೂತಿರ್ತಾರೆ. ಅಂದ್ರೆ ಸಾಕ್ಷಿ ಹಾಜರು."

ಹೇಳಿದ ಮೇಲೆ ಅವಳೇ ನಾಲಿಗೆ ಕಚ್ಚಿಕೊಂಡಳು. ಅಪ್ಪ ಪೆನ್ನು ಕೆಳಗಿಟ್ಟರು. ನಿಯಮ ತಪ್ಪುವ ಮನುಷ್ಯ ಅಲ್ಲ. "ಸಾಕ್ಷಿ ಬರ್ಲಿ," ಅಂದರು. ದನಿ ಇಳಿದುಹೋಗಿತ್ತು. ವಿಚಾರಣೆ ಮುಗಿದರೆ ಕಳ್ಳನೂ ಮುಗಿದ, ಭಾನುವಾರವೂ ಮುಗಿಯಿತು. ಬೇರೆ ದಾರಿ ಕಾಣದೆ ನಾನು, "ಘಟಸರ್ಪ ಗವಿ ಬಿಟ್ಟು ಬಂದು ಇಲ್ಲಿ ನಿಂತಿತು," ಅಂದೆ.

ಮೇಸ್ತ್ರಿ ಕೈ ಎತ್ತಿದರು. "ಅಂದ್ರ ಗವಿ ಈಗ ಖಾಲಿ ಐತಿ, ಹೌದಲ್ರಿ ಸರ?"

"ಹೌದು."

"ಹಂಗಾರ ನಾ ಹೋಗಿ ನಿಧಿ ಕದ್ದೆ."

ಆಟ ಶುರುವಾದಾಗಿನಿಂದ ಒಂದು ಸೂಜಿ ಕೂಡ ಮುಟ್ಟದ ಕಳ್ಳ! ಅಪ್ಪ ಕನ್ನಡಕ ಒರೆಸಿ ಹಾಕಿಕೊಂಡರು. ಹೊಸ ಹಾಳೆ ಎಳೆದುಕೊಂಡರು.

"ಗಂಭೀರವಾದ ಆರೋಪ. ಇದಕ್ಕೆ ಬೇರೆ ಚಾರ್ಜ್‌ಶೀಟು ಬೇಕು. ಎರಡೂ ಒಟ್ಟಿಗೆ ವಿಚಾರಣೆ. ಮುಂದಿನ ತಿಂಗಳು, ಹತ್ತು ಗಂಟೆಗೆ."

"ಬರ್ತೇನ್ರಿ ಸಾಹೇಬ್ರ," ಅಂದರು ಮೇಸ್ತ್ರಿ. "ನಮ್ಮ ಮನ್ಯಾಕಿಗೆ ಮಾತ್ರ ಹೇಳಬ್ಯಾಡ್ರಿ."